ಮೊಳೆಗೆ ಹಾಕಿದ ಅಂಗಿ

ಹಲೋ... ಹಲೋ, ಯಾರು ಮಾತಾಡೂದು?... ಹಾಂ, ಬೈಲಹೊಂಗಲನರಿ. ದುಂಡಪ್ಪನವರ ಹತ್ತಿ ಅಂಗಡಿ. ನಾ ಅವರ ತಂಗಿ ಮಗ... ಟ್ರಂಕ್ ಕಾಲ್ ಯಾವೂರಿಂದ ಅಂದ್ರಿ?... ಉಗರಗೋಳದಿಂದ? ನಮ್ಮೂರರಿ ಅದು. ಹಚ್ಚಿ ಕೊಡ್ರಿ ಬಾಯಾರ, ಲಗೂ ಹಚ್ಚಿ ಕೊಡ್ರಿ...

ಹಲೋ... ಯಾರದು?... ಅಣ್ಣಾ? ನೀಲಪ್ಪಣ್ಣಾ, ನೀನೇನು?... ನಾನಪಾ, ಸತ್ಯಪ್ಪ. ಜೋರಾಗಿ ಮಾತಾಡು, ಇಲ್ಲಿ ಹಮಾಲರು ಹತ್ತಿ ಅಂಡಗಿ ಎತ್ತಾಕತ್ತಾರ, ಏನೂ ಕೇಳವಲ್ದು... ಮಾಮಾ, ಒಂದೀಟು ಹೊತ್ತು ಅವರನ್ನ ಸುಮ್ಮ ಇರಸ್ರಿ. ಊರಿಂದ ಫೋನ್ ಬಂದೈತಿ... ಹಾಂ, ಹೇಳಣ್ಣ.

ಅವ್ವ ಆರಾಮ ಅದಾಳಿಲ್ಲ?... ಮತ್ತ ಯಾರಿಗೆ?... ವೈನಿಗೆ? ಕೃಷ್ಣಾ ವೈನಿಗೆ ಏನಾತು?... ಹೊಟ್ಟಿ ಬ್ಯಾನಿ. ಯಾವಾಗಿಂದ?... ನಿನ್ನಿ ಮುಂಜಾನಿಂದ! ನಿನ್ನಿಯಿಂದ ಅಕಿ ಒದ್ದಾಡಾಕತ್ತಾಳ, ನೀ ಇವತ್ತ ಫೋನ್ ಮಾಡತಿ?...

ಸವದತ್ತಿ ದವಾಖಾನಿಗೆ ಯಾಕ ಕರಕೊಂಡು ಹೋಗಲಿಲ್ಲ? ಹಾಳ ಬಿದ್ದೈತೇನು ಸವದತ್ತಿ?... ಗಂಡು ಡಾಕ್ಟರ್ ಅದಾನ. ಹಾಂ. ಅವಗ ಹೊಟ್ಟಿ ತೋರಸಂಗಿಲ್ಲ ಅಂತಾಳ. ಇದನ್ನ ವೈನಿ ಅಂತಾಳೋ, ಅವ್ವ ಅಂತಾಳೋ?... ಹೂಂ, ಅವ್ವ. ತಿಳೀತು ಬಿಡು.

ಏನಂದಳು?... "ಮನ್ಯಾಗ ಡಾಕ್ಟರ್ ಇಟ್ಟಕೊಂಡು ಮಂದಿ ಡಾಕ್ಟರ್‌ನ ಹಂತ್ಯಾಕ ಯಾಕ ಹೋಗೂದು"? ಅಯ್ಯ ನಮ್ಮವ್ವ! ಅಣ್ಣಾ, ನಾ ಡಾಕ್ಟರ್ ಅಲ್ಲೋ. ಮೊದಲನೇ ವರ್ಷದಾಗ ಅದೇನಿ. ಅದೂ ಪಾಸಾದ್ರ ಆತು, ಅದಕ್ಕ ಹುಬ್ಬಳ್ಳಿ ಹಾಸ್ಟೆಲ್ ಬಿಟ್ಟು ಮಾಮನ ಮನ್ಯಾಗ ಬಂದು ಓದಾಕತ್ತೇನಿ. ಇಲ್ಲಿ ತನಕಾ ಜೀವ ಇದ್ದವರ ಹೊಟ್ಟಿ ಮುಟ್ಟಿ ನೋಡಿಲ್ಲ ನಾ. ಹೆಣಾ ಕೊಯ್ಯೂದಷ್ಟ ಕಲಿಸ್ಯಾರ... ನಗಬ್ಯಾಡ, ಖರೇನ ಹೇಳತೇನಿ.

ಆತು ಆತು, ಸಿಟ್ಟಾಗಬ್ಯಾಡ. ಹೇಳು, ಎಲ್ಲಿ ನೂಸತೈತಿ?... ಹೊಟ್ಟ್ಯಾಗ, ಖರೆ. ಹೊಟ್ಟ್ಯಾಗ ಎಲ್ಲಿ? ಹೊಟ್ಟಿ ಅಂದ್ರ ಒಂದು ಊರಿದ್ದಂಗ ಅಣ್ಣಾ, ಓಣಿ ಹೇಳಿದ್ರ ಗೊತ್ತಾಗತೈತಿ...

ತಡಿ, ನಾ ಹೇಳತೇನಿ. ಪುಸ್ತಕ ಕೈಯಾಗ ಐತಿ, ಮುಂಜಾನಿಂದ ಇದನ್ನ ಉರು ಹೊಡ್ಯಾಕತ್ತೇನಿ. ಕೇಳು. ಮನುಷ್ಯಾನ ಮೈ ಮೂರು ಥರ ಸೀಳತಾರ. ನಡು ನೆತ್ತಿಯಿಂದ ಹಿಡದು ಮೂಗು, ಹೊಕ್ಕಳ, ಹಿಂಗ ನೆಟ್ಟಗ ಕೆಳಗ ಸೀಳಿದ್ರ ಎಡಾ ಒಂದು ಪಾಲು, ಬಲಾ ಒಂದು ಪಾಲು. ಇದಕ್ಕ ಸ್ಯಾಜಿಟಲ್ ಅಂತಾರ. ಕಿವಿಯಿಂದ ಕಿವಿಗೆ ಹಿಡದು ಕೆಳಗ ಇಳಿಸಿದ್ರ ಮುಂದ ಹೊಟ್ಟಿ ಪಾಲು, ಹಿಂದ ಬೆನ್ನಿನ ಪಾಲು. ಇದು ಕರೋನಲ್. ಇನ್ನ ಸೌತಿಕಾಯಿ ಹೆಚ್ಚಿದಂಗ ಅಡ್ಡ ಕೊಯ್ದರ...

ಏನು? ಯಾರು ಅಳಾಕತ್ತಾರ ಅಲ್ಲಿ?... ಅವ್ವ ಬಾಜೂಕ ನಿಂತು ಕೇಳಾಕತ್ತಾಳ? ಮೊದಲ ಹೇಳಬಾರದೇನು! ಯಾರೂ ವೈನಿನ್ನ ಕೊಯ್ಯಾಕ ಹೊಂಟಿಲ್ಲ ಅಂತ ಹೇಳು ಅವ್ವಗ. ಬರೇ ಗೆರಿ ಅವು, ಗೆರಿ. ಹೊಲಕ್ಕ ಬಾಂದು ಹಾಕಿದಂಗ, ಈ ಕಡೆ ಯಾವುದು, ಆ ಕಡೆ ಯಾವುದು ತಿಳಿಯಾಕ... ಹೇಳಿದಿ?... ಸಮಾಧಾನ ಆದಳು? ಹೂಂ.

ಈಗ ಹೊಕ್ಕಳದ ಮ್ಯಾಲ ಹಾದು ಒಂದು ಗೆರಿ ಉದ್ದ ಎಳಿ, ಒಂದು ಗೆರಿ ಅಡ್ಡ ಎಳಿ. ಮನಸಿನ್ಯಾಗ ಎಳಿ. ನಾಕು ಪಾಲು ಆದ್ವು, ಹೌದಿಲ್ಲೋ? ಯಾವ ಪಾಲಿನ್ಯಾಗ ನೂಸತೈತಿ?... ಕೆಳಗಿಂದು. ಎಡಕ್ಕೋ ಬಲಕ್ಕೋ?... ಎಡಕ್ಕ?... ಇನ್ನೊಮ್ಮಿ ಹೇಳು... ಎಡಕ್ಕ. ಬರೋಬ್ಬರಿ ಐತಿಲ್ಲ?

ಉಸ್ಸಪ್ಪಾ. ಜೀವ ಬಂತು ನೋಡು. ಬಲಕ್ಕ ಅಂದಿದ್ರ ಈಗಿಂದೀಗ ದವಾಖಾನಿಗೆ ಓಡ್ರಿ ಅಂತಿದ್ದೆ. ಬಲಗಡೆ ಕೆಳಗ ಕರುಳಿಗೆ ಹತ್ತಿಕೊಂಡು ಕಿರಿಬೆರಳಷ್ಟು ಒಂದು ಬಾಲ ಇರತೈತಿ, ಅಪೆಂಡಿಕ್ಸ್ ಅಂತಾರ. ಅದು ಬಾತು ಕೀವಾದ್ರ ಜೀವಕ್ಕ ಬರತೈತಿ. ಎಡಕ್ಕ ಅಂದ್ರ ಏನಿಲ್ಲ, ಮಲಾ ಗಟ್ಟಿ ಆಗಿರಬೇಕು, ಇಲ್ಲಾ ವಾಯು ಹಿಡಕೊಂಡಿರಬೇಕು. ಊಟಕ್ಕ ಏನು ಮಾಡಿದ್ರಿ ಮೊನ್ನಿ?... ಹಾಂ, ನೋಡು ಮತ್ತ. ಅಲಸಂದಿ ತಿಂದು ಹೊಟ್ಟಿ ಉಬ್ಬಿದ್ರ ಊರೆಲ್ಲಾ ಫೋನ್ ಮಾಡತೀರಿ.

ಔಡಲೆಣ್ಣಿ?... ನಿನ್ನಿ ಸಂಜಿಗೆ ಅವ್ವ ಒಮ್ಮಿ ಕುಡಿಸ್ಯಾಳ. ಹೊರಕಡೆಗೆ ಆತೇನು?... ಇಲ್ಲ. ಈಗ ಇನ್ನೊಮ್ಮಿ ಕುಡಸೂದೋ ಬ್ಯಾಡೋ ಅಂತ ಕೇಳಾಕ ಫೋನ್ ಹಚ್ಚಿದಿ. ಹಾಂ... ಎಡಕ್ಕ ಇದ್ರ... ಕುಡಸ್ರಿ. ಕುಡಸ್ರಿ, ಏನಾಗಂಗಿಲ್ಲ.

ಯಾರಿಗೆ ಒದರಾಕತ್ತಿ? ಕಿವಿ ಕಿತ್ತು ಹೋತು ನನ್ನ... ಬಾಜೂ ಮನಿ ಶೆಟ್ಟೆವ್ವಗ? ಬಟ್ಟಲಾ ಹಿಡಕೊಂಡು ನಮ್ಮ ಕಟ್ಟಿ ಮ್ಯಾಲ ನಿಂತಾಳ? ಮನಿ ಎದುರಿಗೇ ಪೋಸ್ಟ್ ಆಫೀಸ್ ಇದ್ದದ್ದು ಛಲೋ ಆತು ನಿಮಗ. ಇಲ್ಲಿಂದ ಮಾತು, ಅಲ್ಲಿಂದ ಎಣ್ಣಿ. ಆ ಶೆಟ್ಟೆವ್ವ ಕುಡಸಾಕ ಕುಂತ್ರ ಯಾರೂ ಬ್ಯಾಡ ಅನ್ನಂಗಿಲ್ಲ, ಮೂಗು ಹಿಡದು ಸುರೀತಾಳ... ಆತು, ಫೋನ್ ಇಡಲಿ ಹಂಗಾರ? ನಾಳಿಗೆ ಒಂದು ಕಾರ್ಡ್ ಬರಿ... ಹೂಂ... ಹೂಂ...

ಅಣ್ಣಾ. ಅಣ್ಣಾ, ತಡಿ ತಡಿ, ಇಡಬ್ಯಾಡ. ಒಂದ ಮಾತು. ಯಾಕೋ ಮನಸಿಗೆ ಬರೋಬ್ಬರಿ ಅನಸವಲ್ದು. ಎಡಕ್ಕ ಅಂತ ನಿನಗ ಯಾರು ಹೇಳಿದ್ರು? ವೈನಿ ಬಾಯಿಲೆ ಹೇಳಿದಳೇನು?... ಇಲ್ಲ? ಮತ್ತ?... ಅಕಿ ಅವ್ವಗ ತೋರಿಸಿದಳು, ಅವ್ವ ನಿನಗ ತೋರಿಸಿದಳು. ಅವ್ವ ಎಲ್ಲಿ ತೋರಿಸಿದಳು, ತನ್ನ ಹೊಟ್ಟಿ ಮ್ಯಾಲೇನು?...

ಹೌದೌದು, ಗೊತ್ತೈತಿ. ಒಬ್ಬರ ಬ್ಯಾನಿ ಇನ್ನೊಬ್ಬರ ಮೈಮ್ಯಾಲ ತೋರಿಸಬಾರದು, ತೋರಿಸಿದಲ್ಲೇ ಬರತೈತಿ. ಸಣ್ಣಾವ ಇದ್ದಾಗ ಅದಕ್ಕ ನಾ ಎಷ್ಟು ಸಲ ಬೈಸಿಕೊಂಡೇನಿ. ತನ್ನ ಮೈಮ್ಯಾಲ ತೋರಸಂಗಿಲ್ಲ, ಮಗಾ ಅಂತ ನಿನ್ನ ಮೈಮ್ಯಾಲೂ ತೋರಸಂಗಿಲ್ಲ. ಮತ್ತ ಎದರ ಮ್ಯಾಲ ತೋರಿಸಿದಳು?... ಅಂಗಿ ಮ್ಯಾಲ?... ಗೋಡಿ ಮೊಳಿಗೆ ಹಾಕಿದ್ದ ನಿನ್ನ ಅಂಗಿ ಮ್ಯಾಲ ಕೈ ಇಟ್ಟು, "ಇಲ್ಲಿ ನೂಸತೈತೆಂತ" ಅಂದಳು.

ಆ ಅಂಗಿ ಹೆಂಗ ಹಾಕಿತ್ತು ಅಣ್ಣಾ? ಬೆನ್ನು ಗೋಡಿಗಿತ್ತೋ, ಎದಿ ಗೋಡಿಗಿತ್ತೋ?... ಗುಂಡಿ ಕಾಣತಿದ್ವು? ಅಂದ್ರ ಅಂಗಿ ನಿನ್ನ ಕಡೆ ಮಾರಿ ಮಾಡಿ ನಿಂತಿತ್ತು. ಈಗ ಹೇಳು, ಎಡಕ್ಕ ಅಂದ್ಯಲ್ಲ, ಯಾರ ಎಡಕ್ಕ?... ಎಡಾ ಅಂದ್ರ ಎಡಾ ಅಲ್ಲೋ ಮಾರಾಯಾ! ನಿನ್ನ ಎಡಗೈ ಕಡೆನೋ, ಆ ಅಂಗಿ ತೊಟ್ಟು ಒಬ್ಬ ಮನುಷ್ಯಾ ಅಲ್ಲಿ ನಿಂತಿದ್ರ ಅವನ ಎಡಗೈ ಕಡೆನೋ?

ತಲಿ ತಿನ್ನಾಕತ್ತಿಲ್ಲ ನಾ. ಇದು ಮೊದಲನೇ ದಿನದ ಪಾಠ. ಪುಸ್ತಕದಾಗಿನ ಮನುಷ್ಯಾ ನಮ್ಮ ಕಡೆ ಮಾರಿ ಮಾಡಿ ನಿಂತಿರತಾನ, ಅವನ ಬಲಾ ನಮ್ಮ ಎಡಕ್ಕ ಬರತೈತಿ, ಯಾವಾಗಲೂ ಅವನ ಕೈ ಹಿಡದು ಮಾತಾಡ್ರಿ ಅಂತ ಸರ್ ಒದರಿ ಒದರಿ ಹೇಳಿದ್ರು. ನಾನ ಕೇಳಲಿಲ್ಲ ನಿನ್ನ. ಗೆರಿ ಎಳಿಯೂದು ಕಲಿಸಿದೆ, ಯಾರ ಮೈಮ್ಯಾಲ ಎಳಿಯಾಕತ್ತಿ ಅಂತ ಕೇಳಲಿಲ್ಲ... ಆ ಅಂಗಿ ಈಗ ಎಲ್ಲೈತಿ?... ಮೈಮ್ಯಾಲ ಐತಿ? ಛಲೋ ಆತು. ಕಿಸೆ ನೋಡಿಕೋ. ಎದಿ ಎಡಕ್ಕ ಐತಿಲ್ಲ? ಹಾಂ. ಮೊಳಿ ಮ್ಯಾಲ ಇದ್ದಾಗ ಅವ್ವ ಕೈ ಇಟ್ಟಿದ್ದು ಆ ಕಿಸೆ ಇರೂ ಮಗ್ಗಲಕ್ಕೋ, ಇಲ್ಲದ ಮಗ್ಗಲಕ್ಕೋ?... ನೆಪ್ಪು ಮಾಡು... ನಿನ್ನ ಹೊಟ್ಟಿ ಮುಟ್ಟಿಕೋ ಅಂದಿಲ್ಲೋ ನಾ! ಬ್ಯಾಡ ಬಿಡು. ಅವ್ವನ ಕೈಗೆ ಫೋನ್ ಕೊಡು. ಕೊಡು ಅಂದ್ರ ಕೊಡು.

ಅವ್ವಾ... ಹಾಂ, ನಾನು... ಆರಾಮ ಅದೇನಿ. ಉಂಡೇನಿ. ಅತ್ತಿನೂ ಆರಾಮ ಅದಾಳ. ಅದೆಲ್ಲಾ ಆಮ್ಯಾಲ. ಅವ್ವಾ, ಅಣ್ಣನ ಅಂಗಿ ಮ್ಯಾಲ ಕೈ ಇಟ್ಟು ತೋರಿಸಿದ್ಯಲ್ಲ, ಕಿಸೆ ಇರೂ ಕಡೆ ಇಟ್ಟಿದ್ಯೋ, ಇಲ್ಲದ ಕಡೆನೋ?... ಇಲ್ಲದ ಕಡೆ? ಹೆಂಗ ಅಷ್ಟು ಗಟ್ಟಿ ಹೇಳತಿ?... ಕಿಸ್ಯಾಗ ಬೀಡಿ ಕಟ್ಟು ಉಬ್ಬಿ ಕಾಣತಿತ್ತು, ಅದಕ್ಕ ಬೈಕೊಂತ ಆಚೆ ಮಗ್ಗಲಕ್ಕ ಕೈ ಇಟ್ಟಿ... ಅಂವಾ ಬೀಡಿ ಸೇದಲಿ ಬಿಡಲಿ ಅವ್ವಾ, ಅದನ್ನ ಈಗ ತಗೀಬ್ಯಾಡ.

ಅವ್ವಾ, ಹಂಗಾರ ವೈನಿಗೆ ನೂಸೂದು ಬಲಕ್ಕ. ನೀ ಬರೋಬ್ಬರಿ ತೋರಿಸಿದಿ, ಅಣ್ಣ ತನ್ನ ಕೈ ಲೆಕ್ಕದಾಗ ಎಡಕ್ಕ ಅಂದ, ನಾ ಹೂಂ ಅಂದೆ... ಎಣ್ಣಿ ಕುಡಸಬ್ಯಾಡ್ರಿ! ಶೆಟ್ಟೆವ್ವಗ ಒದರು, ಒದರು ಅವ್ವಾ, ಬಟ್ಟಲಾ ಕೆಳಗ ಇಡು ಅನ್ನು... ಕಟ್ಟಿ ಮ್ಯಾಲ ಇಲ್ಲ? ಒಳಗ ಹೋದಳು? ಅಣ್ಣನ್ನ ಓಡಸು! ಬಾತ ಕರುಳಿಗೆ ಔಡಲೆಣ್ಣಿ ಹಾಕಿದ್ರ ಒಳಗ ತಿರುವಿ ತಿರುವಿ ಒಡೀತೈತಿ. ಓಡಸು ಅಣ್ಣನ್ನ!...

ಹೋದನೇನು?... ಚಪ್ಪಲಿ ಬಿಟ್ಟು ಓಡಿದ. ಹಾಂ... ಹಾಂ... ನೀ ಇಡಬ್ಯಾಡ, ನೀ ಅಲ್ಲೇ ಇರು. ಇಲ್ಲ ಅವ್ವಾ, ನಾ ಅಳಾಕತ್ತಿಲ್ಲ. ಹೆದರೇನಿ. ಭಾಳ ಹೆದರೇನಿ. ನೀವೆಲ್ಲಾ ಡಾಕ್ಟರ್ ಡಾಕ್ಟರ್ ಅಂದ್ರಿ, ನನಗೂ ಕೇಳಾಕ ಛಲೋ ಅನಿಸಿತು, ಕುಡಸ್ರಿ ಅಂದುಬಿಟ್ಟೆ.

ಏನು?... ಯಾರಿದು?... ಬಾಯಾರ, ಕಟ್ ಮಾಡಬ್ಯಾಡ್ರಿ. ವೇಳ್ಯಾ ಆಗಿದ್ರ ಇನ್ನೊಂದು ಕಾಲ್ ಅಂತ ಬರಕೊಳ್ರಿ. ಜೀವದ ಪ್ರಶ್ನಿ ಐತ್ರಿ ಅಕ್ಕಾರ, ಕೈ ಮುಗಿತೇನಿ...

ಅವ್ವಾ, ಅದಿಯೇನು? ಕೇಳು. ಬಸ್ ಸ್ಟ್ಯಾಂಡಿನ್ಯಾಗ ಮಲ್ಲಿಕಸಾಬನ ಜೀಪು ನಿಂತಿರತೈತಿ. ಗುಡ್ಡದ ಗುಡಿಗೆ ಹೋಗೂ ಮಂದಿನ್ನ ಇಳಿಸಿ ಬಾ ಅಂತ ಹೇಳಿ ಕಳಸು. ಸವದತ್ತ್ಯಾಗ ತೋರಿಸ್ರಿ, ಅವರು ಧಾರವಾಡಕ್ಕ ಹೋಗ್ರಿ ಅಂದ್ರ ಅಲ್ಲಿಂದ ಹಂಗ ಹೋಗ್ರಿ. ನಾನೂ ಈಗ ಕಿತ್ತೂರ ಮ್ಯಾಲ ಹಾದು ಧಾರವಾಡಕ್ಕ ಬರತೇನಿ... ಜೀಪು ಎದುರಿಗೇ ಐತಿ? ಮನಿ ಬಾಗಲಕ್ಕ ತಂದು ನಿಲ್ಲಸು ಅನ್ನು.

ಮತ್ತ ಅದ ಮಾತು! ಗಂಡು ಡಾಕ್ಟರ್ ಇದ್ರ ಏನಾತು?... ಗರತಿ ಹೊಟ್ಟಿ ಗಂಡಸರು ನೋಡಬಾರದು, ಹಾಂ... ಅವ್ವಾ, ನಾ ಒಂದು ಹೇಳತೇನಿ, ಸಿಟ್ಟಾಗಬ್ಯಾಡ. ನಮ್ಮ ಕಾಲೇಜಿನ್ಯಾಗ ಹೆಣಾ ಕೊಯ್ಯೂ ಮೇಜಿನ ಮ್ಯಾಲ ಒಬ್ಬ ಹೆಣ್ಣಮಗಳು ಮಲಗ್ಯಾಳ. ಯಾರ ಸೊಸಿನೋ, ಯಾರ ತಾಯಿನೋ. ನಾವು ಹುಡುಗೂರು ಸುತ್ತ ನಿಂತು ನೋಡತೇವಿ. ಉದ್ದಕ ಸೀಳಿ ನೋಡತೇವಿ, ಅಡ್ಡ ಕೊಯ್ದು ನೋಡತೇವಿ. ಅಕಿ ಬ್ಯಾಡ ಅನ್ನಂಗಿಲ್ಲ, ಸೆರಗ ಎಳಕೊಳ್ಳಂಗಿಲ್ಲ. ಜೀವ ಇದ್ದಾಗ ಒಬ್ಬ ಡಾಕ್ಟರ್ ನೋಡಿದ್ದರ ಅಕಿ ಅಲ್ಲಿಗೆ ಬರತಿದ್ದಿಲ್ಲೋ ಏನೋ. ನಮ್ಮ ವೈನಿನ್ನ ಯಾರಾದ್ರೂ ನೋಡಲಿ ಅವ್ವಾ, ಜೀವ ಇದ್ದಾಗ ನೋಡಲಿ...

ಅವ್ವಾ?... ಫೋನ್ ಯಾರ ಕೈಯಾಗ ಕೊಟ್ಟಿ?... ಅವ್ವಾ...

ಅಣ್ಣಾ? ನೀ ಬಂದಿ? ಏನಾತು? ಕುಡದಳೋ ಇಲ್ಲೋ?... ದಮ್ಮು ಹಿಡಕೊಂಡು ಹೇಳು... ಕುಡದಿಲ್ಲ! ಯಪ್ಪಾ. ದೇವರು ದೊಡ್ಡಾವ. ಅಲ್ಲ, ಶೆಟ್ಟೆವ್ವ ಹೆಂಗ ಬಿಟ್ಟಳು?... ಏನು?... ಬ್ಯಾನಿ ನಿಂತೈತಿ?... ತಾನ ನಿಂತೈತಿ? ಯಾವಾಗ?... ಈಗ, ಒಮ್ಮಿಗಲೇ? ಅಕಿ ಎದ್ದು ಕುಂತಳು, ಸೆರಗ ಹೊತ್ತಳು... ನಿನ್ನ ಕೂಡ ನಡಕೊಂತ ಬಂದಾಳ?

ನಗತಿಯೇನೋ ನೀ! ಅಣ್ಣಾ, ಇದು ನಗೂದಲ್ಲ. ಬ್ಯಾನಿ ಒಮ್ಮಿಗಲೇ ನಿಂತಿದ್ದು ಛಲೋ ಅಲ್ಲ. ನಮ್ಮ ಹಾಸ್ಟೆಲಿನ ಅಡಗಿ ಹಸನಸಾಬಗೂ ಹಿಂಗ ಆಗಿತ್ತು. ಹೊಟ್ಟಿ ಹಿಡಕೊಂಡು ಉಳ್ಳ್ಯಾಡಾವ, ಒಮ್ಮಿಗಲೇ ಎದ್ದು ಕುಂತು ಚಾ ಕೇಳಿದ. ನಾವೆಲ್ಲಾ ಖುಷಿ ಆದ್ವಿ. ಡಾಕ್ಟರ್ ಬಂದು ನೋಡಿ ನಮ್ಮನ್ನ ಬೈದ್ರು. ಅದು ಒಡದಾಗ ಒಂದೀಟು ಹೊತ್ತು ಹಗುರಾಗತೈತೆಂತ. ಆಮ್ಯಾಲ ಕೀವು ಹೊಟ್ಟಿ ತುಂಬ ಹರದು ಮೈಯೆಲ್ಲಾ ವಿಷ ಆಗತೈತಿ. ದವಾಖಾನಿ ಬಾಗಲದಾಗ ಇದ್ದಾ ಅಂತ ಬದುಕಿದ ಅಂವಾ. ನೀವು ಎಲ್ಲಿ ಅದೀರಿ ದವಾಖಾನಿ ಬಾಗಲದಾಗ?...

ಏನಂದಿ? ಮಲ್ಲಿಕಸಾಬಗ ಬ್ಯಾಡ ಅಂತ ಕೈ ಮಾಡಿದಿ? ಯಾಕ ಮಾಡಿದ್ಯೋ! ನಿಲ್ಲಸು! ಅವಗ ಬೀಡಿ ಕೊಡು, ಏನರ ಮಾಡು, ಜೀಪು ನಿಲ್ಲಸು ಮೊದಲ!... ನಿಂತೈತಿ ಇನ್ನೂ? ಖರೇನ ನಿಂತೈತಿ?... ಇಲ್ಲ, ನನಗ ಹುಚ್ಚು ಹಿಡದಿಲ್ಲ. ಪುಸ್ತಕ ಓದಿ ತಲಿ ಕೆಟ್ಟಿಲ್ಲ... ನೀ ಕೇಳಾವಲ್ಲ. ವೈನಿಗೆ ಕೊಡು ಫೋನ್. ಹೌದು, ವೈನಿಗೆ. ನನ್ನ ಕೂಡ ಮಾತಾಡಲಿ. ಯಾರು ಏನಂತಾರ? ನಾ ಮೈದುನ ಅದೇನಿ, ಮಂದಿ ಅಲ್ಲ.

ವೈನೀ... ನಾನ್ರಿ, ಸತ್ಯಪ್ಪ... ಕೇಳತೈತೇನ್ರಿ? ಫೋನು ಕಿವಿಗೆ ಹಚ್ಚಿ ಹಿಡೀರಿ, ಹೆದರಬ್ಯಾಡ್ರಿ... ಹಾಂ. ನಿಮ್ಮ ಬಾಯಿಲೆ ಹೇಳ್ರಿ ನನಗ. ಎಲ್ಲಿ ನೂಸತಿತ್ತು?... ನಾಚಬ್ಯಾಡ್ರಿ... ರೊಟ್ಟಿ ಬಡಿಯೂ ಕೈ ಕಡೆ. ಹೊಕ್ಕಳದ ಕೆಳಗ. ಮೊದಲ ಹೊಕ್ಕಳದ ಸುತ್ತ ಇತ್ತು, ಆಮ್ಯಾಲ ಅಲ್ಲಿಗೆ ಇಳೀತು... ನೋಡ್ರಿ, ಒಂದ ಉಸರಿನ್ಯಾಗ ಹೇಳಿದ್ರಿ. ನಿಮ್ಮನ್ನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ವೈನೀ. ಅಂಗಿನ್ನ ಕೇಳಿದ್ವಿ, ನಿಮ್ಮನ್ನ ಕೇಳಲಿಲ್ಲ.

ಈಗ ಏನೂ ಇಲ್ಲ ಅಂತೀರಿ. ಚಳಿ ಬರಾಕತ್ತೈತೇನು?... ಸ್ವಲ್ಪ. ಬಾಯಿ ಒಣಗೇತಿ... ಹೊಟ್ಟಿ ಮ್ಯಾಲ ಕೈ ಇಟ್ಟು ನೋಡ್ರಿ, ಮೆತ್ತಗ ಐತೋ ಗಟ್ಟಿ ಆಗೇತೋ?... ಹಲಗಿ ಆದಂಗ ಆಗೇತಿ...

ವೈನೀ, ಜೀಪು ಹತ್ತರಿ. ಈಗ. ಇದ್ದ ಸೀರಿಮ್ಯಾಲ ಹತ್ತರಿ... ರೊಟ್ಟಿ ಯಾರರ ಮಾಡಲಿ! ಒಂದು ದಿನಾ ಉಣದಿದ್ರ ಅಣ್ಣ ಸಾಯಂಗಿಲ್ಲ. ನೀವು ಸಾಯತೀರಿ, ತಿಳೀತೇನ್ರಿ? ಹಿಂಗ ಹೇಳಬಾರದು, ಆದ್ರ ಹೇಳತೇನಿ. ನೀವು ನಮ್ಮ ಮನಿಗೆ ಬಂದಾಗಿಂದ ಒಂದು ದಿನಾ ಎದುರು ಮಾತಾಡಿಲ್ಲ. ಇವತ್ತ ಮಾತಾಡ್ರಿ. ಅಣ್ಣ ಬ್ಯಾಡ ಅಂದ್ರೂ ಹತ್ತರಿ... ಅವ್ವ ಏನಂತಾಳ ಅಂತ ಅವ್ವನ ಮಾರಿ ನೋಡಬ್ಯಾಡ್ರಿ ನೀವು...

ಏನು?... ಅವ್ವ ಅಲ್ಲಿಲ್ಲ?... ಎಲ್ಲಿ ಹೋದಳು?... ಜೀಪಿನ್ಯಾಗ ಕುಂತಾಳ? ಅವ್ವ? ನಿಮ್ಮನ್ನ ಕರಿಯಾಕತ್ತಾಳ?... ಹೋಗ್ರಿ ವೈನೀ, ಹೋಗ್ರಿ ಹೋಗ್ರಿ. ಫೋನು ಇಡಬ್ಯಾಡ್ರಿ, ಪೋಸ್ಟ್ ಮಾಸ್ತರ ಕೈಯಾಗ ಕೊಟ್ಟು ಹೋಗ್ರಿ. ಹಗೂರ ಹತ್ತರಿ...

ಮಾಮಾ, ನನ್ನ ಚೀಲಾ ತಗೊಂಬರ್ರಿ. ಕಿತ್ತೂರ ಬಸ್ಸು ಹೋತೇನು ನೋಡ್ರಿ... ಆಮ್ಯಾಲ ಹೇಳತೇನಿ, ಎಲ್ಲಾ ಆಮ್ಯಾಲ ಹೇಳತೇನಿ...

ಹಲೋ, ಪೋಸ್ಟ್ ಮಾಸ್ತರೇನ್ರಿ? ನಮಸ್ಕಾರ್ರಿ. ಕಿಡಕ್ಯಾಗ ನೋಡಿ ಹೇಳ್ರಿ, ಹತ್ತಿದ್ರೇನು?... ಅಣ್ಣ ಎತ್ತಿ ಕುಂಡರಿಸಿದ. ಹಾಂ... ಅವ್ವ ಅಕಿ ತಲಿ ತೊಡಿ ಮ್ಯಾಲ ಹಾಕ್ಕೊಂಡಾಳ... ನಮ್ಮವ್ವನ? ಬರೋಬ್ಬರಿ ನೋಡಿದ್ರಿಲ್ಲ? ಸೊಸಿ ಮೈ ಮುಟ್ಟಿದಾಕಿ ಅಲ್ಲರಿ ನಮ್ಮವ್ವ... ಸೆರಗಿನಿಂದ ಬೆವರು ಒರಸಾಕತ್ತಾಳ... ಮತ್ತ ಕೈಯಾಗ ಏನು?... ತಂಬಿಗಿ?... ತಂಬಿಗಿ ತುಂಬ ನೀರು ತಗೊಂಡು ಹತ್ಯಾಳ?

ಮಾಸ್ತರ, ನೀರು ಬ್ಯಾಡ್ರಿ! ಆ ತಂಬಿಗಿ ಇಸಕೊಳ್ರಿ! ಒಂದು ಹನಿನೂ ಕುಡಸಬಾರದು, ಹೊಟ್ಟ್ಯಾಗ ನೀರು ಬಿದ್ರ ಅಲ್ಲಿ ಆಪರೇಷನ್‌ಗೆ ತಡಾ ಮಾಡತಾರ. ಅಕಿ ಬಾಯಿ ಒಣಗೇತಿ, ಕೇಳತಾಳ. ಅವ್ವ ಇವತ್ತ ಇಲ್ಲ ಅನ್ನಂಗಿಲ್ಲ, ಕೇಳಿದಷ್ಟು ಕುಡಸತಾಳ, ಪ್ರೀತಿಲೆ ಕುಡಸತಾಳ. ಓಡ್ರಿ ಮಾಸ್ತರ, ಜೀಪಿನ ಸಪ್ಪಳ ಕೇಳಾಕತ್ತೈತಿ, ಅಡ್ಡ ನಿಂದರ್ರಿ...

ಹಲೋ... ಹೋದ್ರೇನ್ರಿ ಮಾಸ್ತರ?... ಬಾಯಾರ, ಕಟ್ ಮಾಡಬ್ಯಾಡ್ರಿ, ಅವರು ಬಂದು ಹೇಳೂ ತನಕಾ... ಹಲೋ... ಯಾರಾದ್ರೂ ಅದೀರೇನು ಅಲ್ಲಿ?... ಅವ್ವಗ ಹೇಳ್ರಿ, ನೀರು ಕುಡಸಬ್ಯಾ...